ಲೇ ಪಕ್ಷಿ, ಎಂಜಿನ್ ಬಂದಿಲ್ಲ

ನಮ್ಮ ಮನೆಗೆ ಎರಡು ಪತ್ರಿಕೆ ಬರುತ್ತವೆ. ಒಂದು ಬಳ್ಳಾರಿ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಬರುವ ಕನ್ನಡದ್ದು, ಇನ್ನೊಂದು ಕರ್ನೂಲಿನಿಂದ ಬರುವ ತೆಲುಗಿನದು. ಆದೋನಿಯಲ್ಲಿ ಹುಟ್ಟಿದ ಕನ್ನಡದವನಿಗೆ ಇರುವ ಅಪರೂಪದ ಸೌಕರ್ಯ ಇದು. ಎರಡು ರಾಜ್ಯ ಜಗಳಕ್ಕೆ ನಿಂತರೆ ಒಂದು ಪತ್ರಿಕೆಯಲ್ಲಿ ಸೋತ ನಾವು ಇನ್ನೊಂದರಲ್ಲಿ ಗೆದ್ದಿರುತ್ತೇವೆ. ಕಾಫಿ ಆರುವುದರೊಳಗೆ ದುಃಖ, ಸುಖ ಎರಡೂ ಮುಗಿದಿರುತ್ತವೆ. 2025ರ ಮೇ ತಿಂಗಳ ಕೊನೆಯ ವಾರ ಮಾತ್ರ ಈ ಏರ್ಪಾಡು ಕೈಕೊಟ್ಟಿತು. ಕನ್ನಡ ಪತ್ರಿಕೆಯಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಮೇಲೆ ಆಂಧ್ರ ಕಣ್ಣು ಹಾಕಿದೆ ಎಂಬ ಬೊಬ್ಬೆ. ತೆಲುಗು ಪತ್ರಿಕೆಯಲ್ಲಿ ಲೇಪಾಕ್ಷಿ ಮಗ್ಗುಲಿಗೆ ಯುದ್ಧವಿಮಾನದ ಕಾರ್ಖಾನೆ ಬರಲಿದೆ ಎಂಬ ಹಿಗ್ಗು. ಹತ್ತಿ ಮಾರ್ಕೆಟ್ ಯಾರ್ಡಿನ ಎದುರು ಒಗ್ಗರಣೆ, ಮಿರ್ಚಿ ಮಾಡುವ ನಮ್ಮ ಹೋಟೆಲಿನವನು ಎರಡನ್ನೂ ನನ್ನಿಂದ ಓದಿಸಿ ಕೇಳಿದ: "ಹಂಗಾರ ಸಾರ್, ನಾವು ಕಳುವು ಮಾಡಿದೋರ ಪೈಕಿನೋ, ಕಳಕೊಂಡೋರ ಪೈಕಿನೋ?"

ಈ ಪ್ರಶ್ನೆಗೆ 1953ರ ಅಕ್ಟೋಬರ್ 1ರಿಂದಲೂ ಉತ್ತರ ಸಿಕ್ಕಿಲ್ಲ. ಅಂದು ಬಳ್ಳಾರಿ ಜಿಲ್ಲೆಯನ್ನು ಕೊಯ್ದು ದೊಡ್ಡ ಪಾಲನ್ನು ಮೈಸೂರಿಗೂ, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಹೊಸ ಆಂಧ್ರಕ್ಕೂ ಹಂಚಿದರು. ಹೊಳಗುಂದಿ, ಕೌತಾಳ, ಕೋಸಿಗಿ ಕಡೆ ಈಗಲೂ ಜಗಳ ಕನ್ನಡದಲ್ಲಿ, ರಾಜಿ ತೆಲುಗಿನಲ್ಲಿ; ಬಡ್ಡಿ ಲೆಕ್ಕ ಯಾವ ಭಾಷೆಯಲ್ಲಾದರೂ ಒಂದೇ. ಇಂಥ ಊರಿನವರಿಗೆ ಭಾರತೀಯ ವಾಯುಪಡೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಮಂಜೂರಾದದ್ದು ಒಂದು, ಕೈಗೆ ಬಂದದ್ದು ಇನ್ನೊಂದು ಎಂಬ ಬಾಳು ಅವರದೂ ಹೌದು, ನಮ್ಮದೂ ಹೌದು.

ಜಗಳದ ವಸ್ತು ಯಾವುದು ಎಂದು ಮೊದಲು ನೋಡೋಣ. ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ದೆಹಲಿಗೆ ಹೋಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರನ್ನು ಕಂಡು, ಲೇಪಾಕ್ಷಿ–ಮಡಕಶಿರಾ ಸೀಮೆಯಲ್ಲಿ ಜಾಗ ಕೊಡುತ್ತೇವೆ, ಎಎಂಸಿಎ ಎಂಬ ಐದನೇ ತಲೆಮಾರಿನ ಯುದ್ಧವಿಮಾನ ಅಲ್ಲಿ ತಯಾರಾಗಲಿ ಎಂದರಂತೆ. ಪತ್ರಿಕೆಗಳು ಕೊಟ್ಟ ಲೆಕ್ಕ 10,000 ಎಕರೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಗಂಟೆಯ ದಾರಿ ಎಂಬುದು ಮೇಲಿನ ಒಗ್ಗರಣೆ. ಇತ್ತ ಕರ್ನಾಟಕದ ಸಚಿವರಾದ ಎಂ.ಬಿ. ಪಾಟೀಲರು, ಡಿ.ಕೆ. ಶಿವಕುಮಾರ್ ಅವರು ಎಚ್‌ಎಎಲ್ ಕರ್ನಾಟಕದ್ದು ಎಂದು ತೋಳೇರಿಸಿದರು. ಇದ್ದದ್ದನ್ನು ಕಿತ್ತುಕೊಡಿ ಎಂದು ನಾವು ಕೇಳಿಯೇ ಇಲ್ಲ ಎಂಬ ಸಮಜಾಯಿಷಿ ಅತ್ತಲಿಂದ ಬಂತು. ಇಷ್ಟೆಲ್ಲ ನಡೆಯುವಾಗ ಆ ವಿಮಾನ ಎಲ್ಲಿತ್ತು? ಕಂಪ್ಯೂಟರಿನಲ್ಲಿತ್ತು. ಅದರ ಮಾದರಿಗಳನ್ನು ಕಟ್ಟಲು 15,000 ಕೋಟಿ ರೂಪಾಯಿ ಮಂಜೂರಾದದ್ದೇ 2024ರ ಮಾರ್ಚ್‌ನಲ್ಲಿ. ಅದು ಪಡೆಗೆ ಸೇರುವುದು 2030ರ ದಶಕದ ನಡುವಿಗೆ ಎಂದು ಮಾಡುವವರೇ ಹೇಳುತ್ತಾರೆ, ಅವರು ಹೇಳುವುದು ಯಾವಾಗಲೂ ಮುಂಚಿನ ತಾರೀಖು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ. ಇಲ್ಲಿ ಹೆಣ್ಣು ನೋಡುವ ದಿನವೇ ಎರಡು ಮನೆಯವರು, ಮುಂದೆ ಹುಟ್ಟುವ ಮೊಮ್ಮಗ ಯಾರ ಹೊಲ ಉಳಬೇಕು ಎಂದು ಕುಡುಗೋಲು ಹಿಡಿದಿದ್ದರು.

ಅದೇ ವಾರ, ಮೇ 29ರಂದು, ದೆಹಲಿಯ ಉದ್ಯಮಿಗಳ ಸಭೆಯಲ್ಲಿ ವಾಯುಪಡೆಯ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್, ತಮಗೆ ನೆನಪಿರುವಂತೆ ಒಂದು ಯೋಜನೆಯೂ ಹೇಳಿದ ಹೊತ್ತಿಗೆ ಮುಗಿದದ್ದಿಲ್ಲ ಎಂದುಬಿಟ್ಟರು. ಅದಕ್ಕೆ ಮೂರು ತಿಂಗಳ ಹಿಂದೆ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ, ಎಚ್‌ಎಎಲ್‌ನದೇ ತರಬೇತಿ ವಿಮಾನದೊಳಗೆ ಕೂತುಕೊಂಡು, ನಿಮ್ಮ ಮೇಲೆ ನನಗೆ ಭರವಸೆ ಬರುತ್ತಿಲ್ಲ ಎಂದು ಅವರ ಅಧಿಕಾರಿಗಳಿಗೇ ಹೇಳಿದ್ದು ಕ್ಯಾಮೆರಾಕ್ಕೆ ಸಿಕ್ಕಿತ್ತು. ಅಳಿಯ ಮಾವನ ಮನೆಯ ಮಂಚದ ಮೇಲೆ ಕೂತು ಮಂಚದ ಕಾಲು ಅಲ್ಲಾಡುತ್ತದೆ ಎಂದ ಹಾಗೆ. ಗಿರಾಕಿ ಬಾಗಿಲಲ್ಲಿ ನಿಂತು ಮಾಲು ಬಂದಿಲ್ಲವೆಂದು ಕೂಗುತ್ತಿದ್ದಾನೆ. ಅಂಗಡಿ ನಮ್ಮೂರಿಗೆ ಬೇಕೆಂದು ಎರಡು ಊರಿನವರು ಬಡಿದಾಡುತ್ತಿದ್ದಾರೆ.

ಬಡಿದಾಟ ವಿಮಾನಕ್ಕಲ್ಲ, ನೆಲಕ್ಕೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ, ಮುಂದೆ ಎಚ್‌ಎಎಲ್ ಆದ, ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುಮಾಡಿದಾಗ ಮೈಸೂರು ಸಂಸ್ಥಾನ ಕೊಟ್ಟದ್ದು ಸುಮಾರು 700 ಎಕರೆ. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಜೋಡಿಸಿ ಹೊರಗೆ ತಂದರು. ಆಮೇಲೆ ನೆಲ ಹೆಚ್ಚುತ್ತ ಬಂತು, ಹೊತ್ತೂ ಹೆಚ್ಚುತ್ತ ಬಂತು. ಗುಬ್ಬಿ ತಾಲೂಕಿನ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ. 2016ರಲ್ಲಿ ಶಂಕುಸ್ಥಾಪನೆ, 2023ರಲ್ಲಿ ಉದ್ಘಾಟನೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಕುರಿ ಮೇಯುತ್ತಿದ್ದ ಸಾವಿರಾರು ಎಕರೆ ವಿಜ್ಞಾನಕ್ಕೆ ಹೋಯಿತು, ಕುರಿಗಳು ಬೇಲಿಯಾಚೆ ನಿಂತು ವಿಜ್ಞಾನವನ್ನು ನೋಡುತ್ತಿವೆ. ಯಾವ ವಿಮಾನ ಯಾವಾಗ ಮೇಲೇಳುತ್ತದೋ ಬಲ್ಲವರಿಲ್ಲ, ರನ್‌ವೇ ಇಲ್ಲದೆಯೇ ಮೇಲೇಳುವುದು ಸೈಟಿನ ರೇಟು. ನಮ್ಮ ಹತ್ತಿ ದಲಾಲರಲ್ಲಿ ಇಬ್ಬರು ಆ ವಾರವೇ ಮಡಕಶಿರಾ ಕಡೆ ಜಾಗ ನೋಡಲು ಹೋದರಂತೆ. ಅವರ ಪ್ರಕಾರ ಐದನೇ ತಲೆಮಾರು ಎಂದರೆ ಮೊಮ್ಮಗನ ಮೊಮ್ಮಗನ ಹೆಸರಿಗೆ ರಿಜಿಸ್ಟ್ರಿ ಮಾಡಿಸುವುದು.

ಲೇಪಾಕ್ಷಿಯನ್ನು ಆರಿಸಿದ್ದರಲ್ಲಿ ಮಾತ್ರ ನನಗೆ ದೋಷ ಕಾಣುವುದಿಲ್ಲ. ದೇಶದ ಮೊದಲ ವಾಯುರಕ್ಷಣಾ ಕಾರ್ಯಾಚರಣೆ ಮುಗಿದದ್ದು ಅಲ್ಲೇ ಎಂದು ಐತಿಹ್ಯ. ಶತ್ರುವಿನ ಕೈಯಲ್ಲಿ ಪುಷ್ಪಕ, ಅಣ್ಣನಿಂದ ಕಿತ್ತುಕೊಂಡ ಒಳ್ಳೆ ಮಾಲು. ನಮ್ಮ ಕಡೆ ಜಟಾಯು: ವಯಸ್ಸು ಅರವತ್ತು ಸಾವಿರ ವರ್ಷ, ಸೇವಾವಧಿ ಎಷ್ಟು ಸಲ ವಿಸ್ತರಣೆಯಾಗಿತ್ತೋ ಕಡತವೇ ಇಲ್ಲ. ಕಣ್ಣೇ ರಡಾರು, ಕೊಕ್ಕೇ ಕ್ಷಿಪಣಿ. ಆದರೂ ಹೋಯಿತು, ಅಡ್ಡಗಟ್ಟಿತು, ರೆಕ್ಕೆ ಕಡಿಸಿಕೊಂಡು ಬಿತ್ತು. ರಾಮ ಬಂದು ಲೇ ಪಕ್ಷಿ, ಏಳು ಹಕ್ಕಿ, ಎಂದನಂತೆ. ಆಗಿನಿಂದ ನಮ್ಮಲ್ಲಿ ಇದೇ ಪದ್ಧತಿ. ಮುದಿ ಹಕ್ಕಿಯನ್ನು ಮೇಲೆ ಕಳಿಸುವುದು, ಬಿದ್ದ ಮೇಲೆ ಏಳು ಎನ್ನುವುದು.

ಮಿಗ್-21 ನಮ್ಮ ಪಡೆಗೆ ಸೇರಿದ್ದು 1963ರಲ್ಲಿ, ಚಂಡೀಗಢದಲ್ಲಿ. ಬೀಳ್ಕೊಟ್ಟದ್ದು 2025ರ ಸೆಪ್ಟೆಂಬರ್ 26ರಂದು, ಅದೇ ಚಂಡೀಗಢದಲ್ಲಿ. ಅರವತ್ತೆರಡು ವರ್ಷ. ಕೇಂದ್ರ ಸರ್ಕಾರದ ಗುಮಾಸ್ತನೂ ಅರವತ್ತಕ್ಕೆ ಮನೆಗೆ ಹೋಗುತ್ತಾನೆ. 2012ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಲೆಕ್ಕ ನನ್ನ ಬಳಿ ಬರೆದಿಟ್ಟಿದೆ: ಕೊಂಡ ಮಿಗ್ ವಿಮಾನಗಳು 872, ಅಪಘಾತದಲ್ಲಿ ಹೋದವು 482, ಸತ್ತ ಪೈಲಟ್‌ಗಳು 171, ನೆಲದ ಮೇಲೆ ತಮ್ಮಷ್ಟಕ್ಕೆ ತಾವಿದ್ದು ಸತ್ತ ಸಾಮಾನ್ಯರು 39. ಈ ಸಾಲಿನಲ್ಲಿ ನಗುವುದಕ್ಕೆ ಏನೂ ಇಲ್ಲ. ಆ ಹುಡುಗರು ಜಟಾಯುವಿನ ಪೈಕಿ. ನಗು ಬರುವುದು ಅವರನ್ನು ಕಳಿಸಿದವರ ಕ್ಯಾಲೆಂಡರಿನ ಮೇಲೆ. ಬೀಳ್ಕೊಡುಗೆಯ ಹಿಂದಿನ ದಿನ, ಸೆಪ್ಟೆಂಬರ್ 25ರಂದು, 97 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಎಚ್‌ಎಎಲ್ ಜೊತೆ 62,370 ಕೋಟಿ ರೂಪಾಯಿಯ ಕರಾರಿಗೆ ಸಹಿ ಬಿತ್ತು. 2021ರಲ್ಲಿ ಕೊಟ್ಟಿದ್ದ 83 ವಿಮಾನಗಳ ಆರ್ಡರಿನಲ್ಲಿ ಆ ದಿನದವರೆಗೆ ಒಂದೂ ವಾಯುಪಡೆಯ ಕೈಸೇರಿರಲಿಲ್ಲ. ಮೊದಲ ಸೀರೆಯೇ ಮಗ್ಗದಿಂದ ಇಳಿದಿಲ್ಲ, ಎರಡನೆಯ ಸೀರೆಗೆ ಮುಂಗಡ ಕೊಟ್ಟರು. ನಮ್ಮ ಎಮ್ಮಿಗನೂರಿನ ನೇಕಾರ ಹೀಗೆ ವ್ಯಾಪಾರ ಮಾಡಿದ್ದರೆ ಅವನ ಮನೆ ಮುಂದೆ ಚಪ್ಪಲಿಗಳು ಸಾಲಾಗಿ ನಿಂತಿರುತ್ತಿದ್ದವು, ಕಾಲುಗಳ ಸಮೇತ.

ಹಳತು ಮುರಿಯುವವರೆಗೆ ಹೊಸತು ತರಬಾರದು ಎಂಬುದು ವಾಯುಪಡೆಯೊಂದರ ನೀತಿಯಲ್ಲ, ನಮ್ಮ ನಾಗರಿಕತೆಯದು. ಆದೋನಿ, ಎಮ್ಮಿಗನೂರು ಹೊಲಗಳಿಗೆ ಕೆಳಮಟ್ಟದ ಕಾಲುವೆಯಲ್ಲಿ ನೀರು ಬರುವುದು ತುಂಗಭದ್ರಾ ಅಣೆಕಟ್ಟಿನಿಂದ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಸರಪಳಿ ಕಡಿದು ಗೇಟು ಹೊಳೆ ಪಾಲಾಯಿತು. ಏಳು ದಶಕದ ಗೇಟು. ಬದಲಿ ಗೇಟು ಇರಲಿಲ್ಲ. ಹರಿಯುವ ನೀರಿನಲ್ಲಿ ತಡೆಹಲಗೆ ಇಳಿಸಿ ಮಾನ ಉಳಿಸಲು ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಬರಬೇಕಾಯಿತು. ಮುಪ್ಪಾದ ಗೇಟು, ಮುಪ್ಪಾದ ಮಿಗ್, ಕೊನೆಗೆ ಕಾಪಾಡಲು ಮುಪ್ಪಾದ ಮನುಷ್ಯ.

ಈಗ ಪಡೆಯ ಮೈಕಟ್ಟು ನೋಡಿ. ಹುಟ್ಟಿದ್ದು 1932ರ ಅಕ್ಟೋಬರ್ 8. ನಾಲ್ಕು ವಾಪಿಟಿ ವಿಮಾನ ಕಟ್ಟಿಕೊಂಡು ಮೊದಲ ಸ್ಕ್ವಾಡ್ರನ್ ನಿಂತದ್ದು ಮರುವರ್ಷ ಏಪ್ರಿಲ್ 1ಕ್ಕೆ. ತಾರೀಖನ್ನು ನಾನು ಆರಿಸಿದ್ದಲ್ಲ. ಇವತ್ತು ಏಳು ಕಮಾಂಡ್: ದೆಹಲಿ, ಶಿಲ್ಲಾಂಗ್, ಪ್ರಯಾಗರಾಜ್, ಗಾಂಧಿನಗರ, ತಿರುವನಂತಪುರ ಕಾದಾಡಲಿಕ್ಕೆ, ಕಲಿಸಲಿಕ್ಕೆ ಬೆಂಗಳೂರು, ರಿಪೇರಿಗೆ ನಾಗಪುರ. ದೇಶದಲ್ಲಿ ಏನೇ ಕೆಟ್ಟರೂ ನಾಗಪುರಕ್ಕೆ ಕಳಿಸಬೇಕೆಂಬುದನ್ನು ವಾಯುಪಡೆ ಬಹಳ ಹಿಂದೆಯೇ ಕಂಡುಕೊಂಡಿತ್ತು. ಕಮಾಂಡಿನ ಕೆಳಗೆ ವಿಂಗ್, ವಿಂಗಿನ ಕೆಳಗೆ ಸ್ಕ್ವಾಡ್ರನ್. ಮಂಜೂರಾದ ಯುದ್ಧ ಸ್ಕ್ವಾಡ್ರನ್ 42. ಮಿಗ್-21 ಹೋದ ಮೇಲೆ ಉಳಿದದ್ದು 29. ಈ ಎರಡು ಅಂಕಿಗಳನ್ನು ಕಂಡು ದೆಹಲಿಯ ತಜ್ಞರು ಬೆಚ್ಚುತ್ತಾರೆ. ನಮ್ಮ ಕಡೆಯ ಕನ್ನಡ ಶಾಲೆಯ ಹೆಡ್ ಮೇಷ್ಟ್ರು ಬೆಚ್ಚುವುದಿಲ್ಲ. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಎಂಬ ಎರಡು ಕಾಲಂ ತುಂಬುತ್ತಲೇ ಅವರ ತಲೆ ನೆರೆತಿದೆ. ವಿಜ್ಞಾನಕ್ಕೆ ಬಂದ ಮೇಷ್ಟ್ರು ಕನ್ನಡವನ್ನೂ ಡ್ರಿಲ್ಲನ್ನೂ ತೆಗೆದುಕೊಂಡರೆ ಅದಕ್ಕೆ ವಾಯುಪಡೆಯವರು ಬಹುಪಾತ್ರ ವಿಮಾನ ಎನ್ನುತ್ತಾರೆ.

ಇದರ ನಡುವೆ ಮೂರೂ ಪಡೆಗಳನ್ನು ಬೆರೆಸಿ ಥಿಯೇಟರ್ ಕಮಾಂಡ್ ಮಾಡಬೇಕೆಂಬ ಚರ್ಚೆ ವರ್ಷಗಳಿಂದ ನಡೆದಿದೆ, ವಾಯುಪಡೆ ಕಾಲೆಳೆಯುತ್ತಿದೆ. ಯಾಕೆ ಎಂದು ಆದೋನಿಯಲ್ಲಿ ಹಳೇ ಸಿನಿಮಾ ನೋಡಿದವರಿಗೆ ಹೇಳಿಕೊಡಬೇಕಿಲ್ಲ. ಒಂದೇ ಪ್ರಿಂಟು, ಎರಡು ಥಿಯೇಟರು. ಈ ಥಿಯೇಟರಿನಲ್ಲಿ ಮೊದಲ ರೀಲು ಮುಗಿದ ಕೂಡಲೇ ಹುಡುಗ ಅದನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಆ ಥಿಯೇಟರಿಗೆ ತುಳಿಯಬೇಕು. ಸೈಕಲ್ ಪಂಕ್ಚರ್ ಆಯಿತೋ, ಹೀರೋ ಕೈಯೆತ್ತಿದ ಕಡೆಗೇ ಇಂಟರ್ವಲ್. ಇರುವ 29 ರೀಲನ್ನು ಥಿಯೇಟರಿಗಿಷ್ಟು ಎಂದು ಹಂಚಿಕೊಟ್ಟುಬಿಟ್ಟರೆ ಫೈಟಿಂಗ್ ಸೀನು ಬಂದ ಕಡೆ ರೀಲಿರುವುದಿಲ್ಲ ಎಂಬುದು ವಾಯುಪಡೆಯ ಸಂಕಟ. ನ್ಯಾಯವೇ. ರೀಲು ಹೆಚ್ಚು ಮಾಡಿ ಎಂದು ಯಾರಾದರೂ ಹೇಳಿದರೆ ಅವರಿಗೆ ಸಿನಿಮಾ ಗೊತ್ತಿಲ್ಲ ಎಂದು ಅರ್ಥ.

ರೀಲು ಯಾಕೆ ಹೆಚ್ಚಾಗುತ್ತಿಲ್ಲ? ತೇಜಸ್‌ನ ಜಾತಕ ತೆಗೆಯೋಣ. ಯೋಜನೆ ಮಂಜೂರಾದದ್ದು 1983ರಲ್ಲಿ; ಕಪಿಲ್ ದೇವ್ ಕಪ್ ಎತ್ತಿದ ವರ್ಷ. ಮೊದಲು ಹಾರಿದ್ದು 2001ರ ಜನವರಿ 4. ನಾಮಕರಣ 2003, ಪುರೋಹಿತರು ವಾಜಪೇಯಿ. ಮೊದಲ ಸ್ಕ್ವಾಡ್ರನ್ 2016ರಲ್ಲಿ. ಕೂಸಿಗೆ ಮೂವತ್ಮೂರು ತುಂಬಿದ ಮೇಲೆ ಅಕ್ಷರಾಭ್ಯಾಸ. ವಿಮಾನ ಒಳ್ಳೆಯದು, ಹಾರಿಸುವವರು ಅದನ್ನು ಹೊಗಳುತ್ತಾರೆ, ನಾನು ಸುಳ್ಳು ಹೇಳುವುದಿಲ್ಲ. ತೊಡಕಿರುವುದು ಎಂಜಿನ್ನಿನಲ್ಲಿ. ಅದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಫ್-404. 2021ರಲ್ಲಿ 99 ಬೇಕೆಂದು ಬರೆದೆವು. ಮುಂಚೆ ಕೊಂಡು ಆಮೇಲೆ ವರ್ಷಗಟ್ಟಲೆ ಸುಮ್ಮನಾಗಿದ್ದ ಗಿರಾಕಿ ನಾವು. ಅವರು ಆ ಸಾಲನ್ನೇ ಮುಚ್ಚಿ ಬೇರೆ ಕೆಲಸಕ್ಕೆ ಹೋಗಿದ್ದರು. ಮತ್ತೆ ಒಲೆ ಹಚ್ಚಿ, ಬಿಡಿಭಾಗದವರನ್ನು ಹುಡುಕಿ, ಮೊದಲ ಎಂಜಿನ್ ಕೊಟ್ಟದ್ದು 2025ರ ಮಾರ್ಚ್ ಕೊನೆಗೆ. ವಿಮಾನದ ಮೊದಲ ಕಂತು ವಾಯುಪಡೆಗೆ ಸೇರಬೇಕಿದ್ದದ್ದು 2024ರ ಮಾರ್ಚ್ ಸುಮಾರಿಗೆ. ಸ್ವದೇಶಿ ಗಾಡಿ, ಎತ್ತು ಮಾತ್ರ ಪರದೇಶದ್ದು. ಎತ್ತಿಗೆ ವೀಸಾ ಆಗಿರಲಿಲ್ಲ.

ನಮ್ಮದೇ ಎತ್ತು ಇರಲಿಲ್ಲವೇ? ಇತ್ತು. 1989ರಲ್ಲಿ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಲ್ಲಿ ದೇಸಿ ಎಂಜಿನ್ನಿಗೆ ಕೈ ಹಾಕಿದರು. ಮಾಡಿದ ತಪ್ಪು ಒಂದೇ, ಅದಕ್ಕೆ ಕಾವೇರಿ ಎಂದು ಹೆಸರಿಟ್ಟರು. ಕರ್ನಾಟಕದ ಮಣ್ಣಿನಲ್ಲಿ ಕೂತು ಒಂದು ವಸ್ತುವಿಗೆ ಕಾವೇರಿ ಎಂದು ಹೆಸರಿಟ್ಟು ಅದು ಬೇಗ ಇತ್ಯರ್ಥವಾಗಲಿ ಎಂದು ಬಯಸುವ ಧೈರ್ಯ ವಿಜ್ಞಾನಿಗಳಿಗೇ ಬರಬೇಕು. ಮರುವರ್ಷ, 1990ರಲ್ಲಿ, ನಿಜವಾದ ಕಾವೇರಿಗೆ ನ್ಯಾಯಮಂಡಳಿ ಬಂತು. ಅಲ್ಲಿಂದ ಎರಡೂ ಕಾವೇರಿ ಜೋಡೆತ್ತಿನಂತೆ ನಡೆದವು. ನ್ಯಾಯಮಂಡಳಿಯ ಅಂತಿಮ ತೀರ್ಪು 2007ರಲ್ಲಿ. ಅದು ಯಾರಿಗೂ ಸಾಕಾಗಲಿಲ್ಲ. 2008ರಲ್ಲಿ ಎಂಜಿನ್ನನ್ನು ತೇಜಸ್‌ನಿಂದ ಬಿಡಿಸಿದರು, ನೂಕುಬಲ ಸಾಕಾಗಲಿಲ್ಲ. ಅಲ್ಲಿ ಬಿಳಿಗುಂಡ್ಲುವಿನಲ್ಲಿ ಹರಿವು ಅಳೆಯುತ್ತಾರೆ, ಇಲ್ಲಿ ಪರೀಕ್ಷಾ ಕಟ್ಟೆಯಲ್ಲಿ. ಕೊರತೆಯ ಪ್ರಮಾಣ ಮಾತ್ರ ಬೇರೆ. ಈಗ ಆ ಎಂಜಿನ್ನನ್ನು ಪೈಲಟ್ ಇಲ್ಲದ ವಿಮಾನಕ್ಕೆ ಹೊಂದಿಸುತ್ತಿದ್ದಾರೆ. ತಕರಾರು ಮಾಡಲು ಒಳಗೆ ಯಾರೂ ಇರುವುದಿಲ್ಲ ಎಂಬ ದೂರಾಲೋಚನೆ. ತುಂಗಭದ್ರಾ ಎಂದು ಹೆಸರಿಟ್ಟಿದ್ದರೆ ಕೊನೇ ಪಕ್ಷ ಗೇಟು ಮುರಿಯುವವರೆಗಾದರೂ ಓಡುತ್ತಿತ್ತು.

ನಿಧಾನ ಉತ್ಪಾದನೆಯಲ್ಲಿ ಎಚ್‌ಎಎಲ್‌ಗೆ ಪೈಪೋಟಿ ಕೊಡಬಲ್ಲ ಸಂಸ್ಥೆ ನಮ್ಮ ಭಾಗದಲ್ಲಿ ಒಂದೇ ಇದೆ: ಎರೆಭೂತ. ಆದೋನಿಗೆ ಅಂಟಿಕೊಂಡ ಸಿರುಗುಪ್ಪದ ಎರೆಹೊಲಗಳಲ್ಲಿ ಈಗಲೂ ಒಂದೋ ಎರಡೋ ಕಾಣುವ ಈ ಹಕ್ಕಿ ಹದಿನೈದು ಕಿಲೋವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಕಡಿಮೆ. ಓಡಿ ಓಡಿ ಮೇಲೇಳುತ್ತದೆ. ಅದಕ್ಕೂ ರನ್‌ವೇ ಬೇಕು. ವರ್ಷಕ್ಕೆ ಒಂದೇ ಮೊಟ್ಟೆ. ಮಂಜೂರಾದ ಬಲ ಎಷ್ಟಿತ್ತೋ, ದೇಶದಲ್ಲಿ ಉಳಿದದ್ದು ನೂರೈವತ್ತರ ಆಸುಪಾಸು. ಕರ್ನೂಲು ಸೀಮೆಯ ರೋಳ್ಳಪಾಡಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಮಾಡಿದರು. ಕಮಾಂಡ್ ಕೇಂದ್ರ ಇದೆ, ಬೋರ್ಡು ಇದೆ, ಹಕ್ಕಿ ಇಲ್ಲ. ಆದರೂ ಒಂದು ಮಾತು ಹೇಳಬೇಕು. ಎರೆಭೂತ ತನ್ನ ಒಂದು ಮೊಟ್ಟೆ ಇಡಲು ಅಮೆರಿಕದಿಂದ ಏನೂ ತರಿಸುವುದಿಲ್ಲ.

ಹೊಸತು ಬರುವವರೆಗೆ ಹಳತನ್ನು ಓಡಿಸುವ ವಿದ್ಯೆಯಲ್ಲಿ ಮಾತ್ರ ವಾಯುಪಡೆ ನಮ್ಮ ರೈತರಿಗೆ ಸರಿಸಮ. ಜಾಗ್ವಾರ್ ಬಂದದ್ದು 1979ರಲ್ಲಿ. ಮಾಡಿದ ಬ್ರಿಟನ್, ಫ್ರಾನ್ಸ್ ಎರಡೂ ಅದನ್ನು ಕೈಬಿಟ್ಟವು, ಒಮಾನ್ ಬಿಟ್ಟಿತು. ಜಗತ್ತಿನಲ್ಲಿ ಈಗ ಹಾರಿಸುವವರು ನಾವೊಬ್ಬರೇ. ಬಿಡಿಭಾಗಕ್ಕಾಗಿ ಫ್ರಾನ್ಸಿನ 31 ಸತ್ತ ಜಾಗ್ವಾರ್‌ಗಳ ದೇಹ ತರಿಸಲು ಮಾತಾಯಿತು, ಮಾಲು ಪುಕ್ಕಟೆ, ಸಾಗಣೆ ನಮ್ಮದು. ಆಮೇಲೆ ಹಳೇ ಮಿರಾಜ್‌ಗಳನ್ನೂ ಹಾಗೇ ಕೊಂಡರು. ಪೆದ್ದಕಡಬೂರು ಕಡೆಯ ನನ್ನ ಬಂಧುವಿನ ಹಿತ್ತಲಿಗೆ ಹೋದರೆ ಇದರ ಪೂರ್ವರೂಪ ಕಾಣಬಹುದು. ಒಂದು ಟಿವಿಎಸ್ ಮೊಪೆಡ್ ಓಡುತ್ತದೆ, ಅದನ್ನು ಓಡಿಸಲು ಮೂರು ಮೊಪೆಡ್ ಬೇವಿನ ಗಿಡದ ಕೆಳಗೆ ಸತ್ತು ಬಿದ್ದಿವೆ. ಕ್ಲಚ್ ಒಂದರದು, ಕಾರ್ಬುರೇಟರ್ ಇನ್ನೊಂದರದು, ಹಾರನ್ ಯಾವುದರದ್ದೂ ಅಲ್ಲ. ಅವನು ಅದಕ್ಕೆ ಆಧುನೀಕರಣ ಎಂದು ಹೆಸರಿಟ್ಟಿಲ್ಲ ಅಷ್ಟೆ; ಹೆಂಡತಿ ಅದಕ್ಕೆ ಗುಜರಿ ಎನ್ನುತ್ತಾಳೆ.

ನಮ್ಮ ಜಿಲ್ಲೆಗೆ ಆಧುನೀಕರಣ ಬಂದಿಲ್ಲ ಎನ್ನುವವರು ಕೃತಘ್ನರು. ಕರ್ನೂಲಿನಾಚೆ ಓರ್ವಕಲ್ಲಿನಲ್ಲಿ ವಿಮಾನ ನಿಲ್ದಾಣ ಇದೆ. 2019ರ ಜನವರಿಯಲ್ಲಿ ಚಂದ್ರಬಾಬು ನಾಯ್ಡು ಉದ್ಘಾಟಿಸಿದರು, 2021ರ ಮಾರ್ಚ್‌ನಲ್ಲಿ ಜಗನ್ಮೋಹನ ರೆಡ್ಡಿ ಉದ್ಘಾಟಿಸಿದರು, ಆಮೇಲೆ ಒಂದು ವಿಮಾನ ಬಂತು. ಒಂದೇ ನಿಲ್ದಾಣದಿಂದ ಎರಡು ಉದ್ಘಾಟನೆ ತೆಗೆಯುವ ಇಳುವರಿ ನಮ್ಮ ಹತ್ತಿಗೂ ಇಲ್ಲ. ಅದೇ ಸೀಮೆಯಲ್ಲಿ ಡಿಆರ್‌ಡಿಒದ ಬಯಲು ಪರೀಕ್ಷಾ ಕೇಂದ್ರ. 2025ರ ಏಪ್ರಿಲ್ 13ರಂದು ಅಲ್ಲಿ ಲೇಸರ್ ಕಿರಣ ಬಿಟ್ಟು ಡ್ರೋನ್‌ಗಳನ್ನು ಸುಟ್ಟುಬಿಟ್ಟರು. ಏಪ್ರಿಲ್ ತಿಂಗಳಲ್ಲಿ, ಕರ್ನೂಲಿನಲ್ಲಿ, ಕಿರಣದಿಂದ ಸುಡುವುದಕ್ಕೆ ಯಂತ್ರ! ನಮ್ಮ ನೆತ್ತಿಯ ಮೇಲೆ ಅದೇ ಅಸ್ತ್ರ ಅನಾದಿಯಿಂದ ಪರೀಕ್ಷೆಯಾಗುತ್ತಿದೆ, ಗುರಿ ಒಮ್ಮೆಯೂ ತಪ್ಪಿಲ್ಲ, ಕರೆಂಟ್ ಹೋದಾಗಲೂ ನಿಲ್ಲುವುದಿಲ್ಲ. ಕರಾವಳಿಯ ಕೋರಿಸಪಾಡಿನಲ್ಲಿ ಹೆದ್ದಾರಿಯನ್ನೇ 4.1 ಕಿಲೋಮೀಟರ್ ರನ್‌ವೇ ಮಾಡಿ, ಅದರ ಮೇಲೆ ವಾಯುಪಡೆಯ ವಿಮಾನಗಳಿಗೆ ತಾಲೀಮು ಕೊಟ್ಟರು. ನಮ್ಮಲ್ಲಿ ರಸ್ತೆ ಅಷ್ಟು ಉದ್ದಕ್ಕೆ ಒಂದೇ ಮಟ್ಟದಲ್ಲಿ ಸಿಗುವುದಿಲ್ಲ. ಹೊಳಗುಂದಿ ದಾರಿಯಲ್ಲಿ ಬಸ್ಸು ರೆಕ್ಕೆಯಿಲ್ಲದೆ ನೆಲ ಬಿಡುತ್ತದೆ, ಇಳಿಯುವಾಗ ಪ್ರಯಾಣಿಕರು ಭಾರವಾದ ಪದಗಳನ್ನು ಉದುರಿಸುತ್ತಾರೆ. ಇನ್ನು ನೂರಕ್ಕೆ ನೂರು ಸ್ವದೇಶಿ ವಿಮಾನ ಬೇಕೆಂದರೆ ಮಂತ್ರಾಲಯದಿಂದ ಹೊಳೆ ದಾಟಿ ಪಂಚಮುಖಿಗೆ ಹೋಗಿ. ಪುಷ್ಪಕ ವಿಮಾನ ಎಂದು ತೋರಿಸುವ ಬಂಡೆ ಇದೆ. ಎಂಜಿನ್ ಬೇಡ, ಬಿಡಿಭಾಗ ಬೇಡ, ಅಪಘಾತದ ದಾಖಲೆ ಇಲ್ಲ.

(2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಮಂತ್ರಾಲಯವನ್ನು ನುಂಗಿ ಕರ್ನೂಲನ್ನು ಮುಳುಗಿಸಿದಾಗ ಹೆಲಿಕಾಪ್ಟರ್‌ಗಳು ಬಂದವು, ಮಾಳಿಗೆಯ ಮೇಲಿದ್ದವರಿಗೆ ಅನ್ನದ ಪೊಟ್ಟಣ ಇಳಿಸಿದವು. ಆ ದಿನ ಎಷ್ಟನೇ ತಲೆಮಾರಿನದು ಎಂದು ಯಾರೂ ಕೇಳಲಿಲ್ಲ.)

ಮಿಗ್ ಬೀಳ್ಕೊಟ್ಟ ಆರನೇ ದಿನಕ್ಕೆ ವಿಜಯದಶಮಿ. ಅವತ್ತು ರಾತ್ರಿ ನಮ್ಮ ಕಡೆಯ ದೇವರಗಟ್ಟಿನಲ್ಲಿ ಬನ್ನಿ ಎಂಬ ಕೋಲುಕಾಳಗ. ಮಾಳಮಲ್ಲೇಶ್ವರನ ಕಲ್ಯಾಣ ಮುಗಿದು ಉತ್ಸವಮೂರ್ತಿ ಬೆಟ್ಟ ಇಳಿದ ಮೇಲೆ, ನೆರಣಿಕಿ, ನೆರಣಿಕಿ ತಾಂಡ, ಕೊತ್ತಪೇಟೆಯವರು ಒಂದು ಕಡೆ, ಸುತ್ತಲ ಊರಿನವರು ಇನ್ನೊಂದು ಕಡೆ. ಪಂಜಿನ ಬೆಳಕು, ಕಬ್ಬಿಣದ ಬಳೆ ತೊಡಿಸಿದ ಕೋಲು, ತಲೆ ಒಡೆದರೆ ಭಂಡಾರ ಬಳಿದುಕೊಂಡು ಮತ್ತೆ ಒಳಗೆ. ಬಳ್ಳಾರಿ, ಸಿರುಗುಪ್ಪದಿಂದಲೂ ಜನ ಗಡಿ ದಾಟಿ ಬರುತ್ತಾರೆ. ಹೊಡೆದಾಟವನ್ನು ಹೊಗಳುವವನು ನಾನಲ್ಲ. ಅದರಲ್ಲಿ ಹೆಣ ಬಿದ್ದದ್ದೂ ಉಂಟು. ರಕ್ಷಣಾ ಖರೀದಿಯ ದೃಷ್ಟಿಯಿಂದಷ್ಟೇ ನೋಡಿ. ಟೆಂಡರ್ ಇಲ್ಲ. ಜಾಗತಿಕ ಮಾಹಿತಿ ಕೋರಿಕೆ ಇಲ್ಲ. 2007ರಲ್ಲಿ 126 ವಿಮಾನಕ್ಕೆ ಟೆಂಡರ್ ಕರೆದು, 2012ರಲ್ಲಿ ರಫೇಲ್ ಆರಿಸಿ, 2015ರಲ್ಲಿ ಹರಿದೆಸೆದು, 2016ರಲ್ಲಿ 36 ಕೊಂಡು, ಮತ್ತೆ 114 ಬೇಕೆಂದು ಕೂತಂತೆ ದೇವರಗಟ್ಟಿನವರು ಕೂತಿದ್ದರೆ ಬನ್ನಿ ಈ ಹೊತ್ತಿಗೆ ಯುಗಾದಿಗೆ ಬಿದ್ದಿರುತ್ತಿತ್ತು. ಕೋಲು ಸಮಯಕ್ಕೆ ಬರುತ್ತದೆ, ಬಲ ಮಂಜೂರಾತಿಗಿಂತ ಹೆಚ್ಚೇ ಇರುತ್ತದೆ. ತಡೆಯಲು ಪೊಲೀಸರು ಕ್ಯಾಮೆರಾ ಹಾಕಿದರು, ಮೇಲೆ ಡ್ರೋನ್ ಬಿಟ್ಟರು. ಬಡಿದಾಡುವವರು ತಲೆ ಎತ್ತಿ ಸಹ ನೋಡುವುದಿಲ್ಲ. ವಾಯುಶಕ್ತಿಯ ಮಿತಿಗಳು ಎಂಬ ವಿಷಯಕ್ಕೆ ದೊಡ್ಡ ದೊಡ್ಡ ಗ್ರಂಥ ಬರೆದವರು ಒಂದು ರಾತ್ರಿ ಇಲ್ಲಿಗೆ ಬಂದು ಹೋಗಬೇಕು. ಕೊನೆಗೆ ಕಾರ್ಣಿಕ ನುಡಿಯುತ್ತಾರೆ: ಮಳೆ ಎಷ್ಟು, ಹತ್ತಿ ಜೋಳಕ್ಕೆ ರೇಟು ಎಷ್ಟು. ಮಾರ್ಕ್-1ಎ ಯಾವಾಗ ಬರುತ್ತದೆ ಎಂದು ಕೇಳಲು ದೆಹಲಿಯಿಂದ ಇನ್ನೂ ಯಾರೂ ಬಂದಿಲ್ಲ.

ತಲೆ ಎತ್ತಿ ನೋಡುವ ಅಭ್ಯಾಸ ನಮ್ಮ ಕಡೆ ಮೊದಲಿನಿಂದಲೂ ಕಡಿಮೆ. ಜೂನಿನಲ್ಲಿ ಮೊದಲ ಮಳೆ ಬಿದ್ದರೆ ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆಯ ಹೊಲಗಳಲ್ಲಿ ನೂರಾರು ಜನ ಸೊಂಟ ಬಗ್ಗಿಸಿ ವಜ್ರ ಹುಡುಕುತ್ತಾರೆ. ಗುಡುಗಿದರೆ ಬೇರೆ ಊರಿನವರು ಆಕಾಶ ನೋಡುತ್ತಾರೆ, ಇವರು ನೆಲ ನೋಡುತ್ತಾರೆ. ಸಿಕ್ಕವನಿಗೆ ಸಿಕ್ಕಿತು, ಉಳಿದವರು ಸುಗ್ಗಿಗೆ ಹೊರಡುತ್ತಾರೆ. ಸುಗ್ಗಿ ಎಂದರೆ ನಮ್ಮಲ್ಲಿ ಹಬ್ಬವಲ್ಲ, ಮನೆಗೆ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುವುದು; ಇಲ್ಲವೇ ಬೆಂಗಳೂರಿಗೆ ಕಟ್ಟಡ ಕಟ್ಟಲು. ಕೋಸಿಗಿಯ ಹುಡುಗನೊಬ್ಬ ಯಲಹಂಕದ ಹತ್ತಿರ ಹನ್ನೆರಡನೇ ಮಹಡಿಗೆ ಕಬ್ಬಿಣ ಕಟ್ಟುವಾಗ ಪೂರ್ತಿ ಏರೋ ಇಂಡಿಯಾ ಪುಕ್ಕಟೆ ನೋಡಿ ಬಂದ. ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಒಂದೇ ಅಂಗಳದಲ್ಲಿ ನಿಂತ 2025ರ ಪ್ರದರ್ಶನ. ಹೆಂಗಿತ್ತಪ ಎಂದೆ. "ಭಾರಿ ಸದ್ದು ಸಾರ್. ಮ್ಯಾಲೆ ಹೋಗ್ತಾವ, ಪಲ್ಟಿ ಹೊಡೀತಾವ, ತಿರುಗಿ ಅಲ್ಲೇ ಇಳೀತಾವ. ಎಲ್ಲಿಗೂ ಹೋಗಾಂಗಿಲ್ಲ."

ಮೇ ತಿಂಗಳ ಆ ಬೆಳಿಗ್ಗೆ ಹೋಟೆಲಿನವನ ಪ್ರಶ್ನೆಗೆ ನಾನು ಉತ್ತರ ಕೊಡದೆ ಎರಡು ಮಿರ್ಚಿ ಕಟ್ಟು ಎಂದಿದ್ದೆ. ಅವನು ಕೈಗೆ ಸಿಕ್ಕ ಪತ್ರಿಕೆ ಹರಿದು ಕಟ್ಟಿಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಎಎಂಸಿಎ ಚಿತ್ರವಿದ್ದ ಪುಟ. ಎಣ್ಣೆ ಇಳಿದು ಕಾಗದ ಪಾರದರ್ಶಕವಾಗಿತ್ತು, ವಿಮಾನದ ಬಾಲ, ರೆಕ್ಕೆ ಮಾಯವಾಗಿ ಹಿಂದಿನ ಪುಟದ ಸೈಟು ಮಾರಾಟದ ಜಾಹೀರಾತು ಸ್ಪಷ್ಟವಾಗಿ ಓದಲಿಕ್ಕೆ ಬರುತ್ತಿತ್ತು. ಮರುದಿನ ಅವನಿಗೆ ತೋರಿಸಿದೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಅಂದ: "ರಡಾರಿಗೆ ಕಾಣಾಂಗಿಲ್ಲ ಅಂತ ಬರದಿದ್ರಲ್ಲ ಸಾರ್. ಖರೇನೇ ಬರದಾರ."